ನಂಬರ್ ಒನ್ ಹಾಡು: ಎಣಿಸುವವರು ಯಾರು, ಬರೆದವರು ಯಾರು?

2024ರ ಆಗಸ್ಟ್ 15ರಂದು ತೆರೆಕಂಡ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಹಾಡು ನಮ್ಮ ಕಡೆ ಕೇಳಿಸದ ಜಾಗವೇ ಇರಲಿಲ್ಲ. ಅರಸೀಕೆರೆಯ ಟ್ರ್ಯಾಕ್ಟರ್, ಹರಪನಹಳ್ಳಿಯ ಮದುವೆ ಡಿ.ಜೆ., ಕೊಟ್ಟೂರಿನ ಬಸ್ಸು, ಎಲ್ಲ ಕಡೆ ಅದೇ. ಹಾಡಿದವರು ಪಂಜಾಬಿನ ಹುಡುಗ ಜಸ್ಕರಣ್ ಸಿಂಗ್, ರಾಗ ಹಾಕಿದವರು ಅರ್ಜುನ್ ಜನ್ಯ, ಬರೆದವರು ವಿ. ನಾಗೇಂದ್ರ ಪ್ರಸಾದ್. ನಾಯಕ ಗಣೇಶ್. ಹಾಡು ಗೊತ್ತಿರುವವರನ್ನು ಕೇಳಿ ನೋಡಿ: ಗಣೇಶ್ ಹೆಸರು ತಕ್ಷಣ ಬರುತ್ತದೆ, ಹಾಡಿದವರದೂ ಬಂದೀತು, ಬರೆದವರದು ಬರುವುದು ಅಪರೂಪ. ‘ಅದು ನಂಬರ್ ಒನ್ ಹಾಡು’ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ಈ ನಂಬರ್ ಬರುವುದಾದರೂ ಎಲ್ಲಿಂದ?

ಹಳಬರಿಗೆ ಬಿನಾಕಾ ಗೀತಮಾಲಾ ನೆನಪಿರುತ್ತದೆ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಅಮೀನ್ ಸಯಾನಿ ವಾರಕ್ಕೊಮ್ಮೆ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದರು. ರೆಕಾರ್ಡ್ ಎಷ್ಟು ಮಾರಾಟವಾಯಿತು, ಕೇಳುಗರ ಬೇಡಿಕೆ ಎಷ್ಟು ಬಂತು ಎಂಬುದೇ ಅಲ್ಲಿ ಅಳತೆ. 2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಂದಾಗಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ ಇತ್ತು: ಕ್ಯಾಸೆಟ್, ಸಿ.ಡಿ. ಎಷ್ಟು ಹೋದವು, ಚಿತ್ರ ಎಷ್ಟು ದಿನ ಓಡಿತು, ಎಷ್ಟು ಮೊಬೈಲುಗಳಲ್ಲಿ ರಿಂಗ್‌ಟೋನ್ ಆಯಿತು. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸ್ವರ ಹಾಕಿ, ಸೋನು ನಿಗಮ್ ಹಾಡಿದ ‘ಅನಿಸುತಿದೆ’ ಆಗ ಗೆದ್ದದ್ದು ಜನ ಕಿಸೆಯಿಂದ ದುಡ್ಡು ತೆಗೆದು ಕೊಂಡದ್ದರಿಂದ.

ಈಗ ಲೆಕ್ಕ ಬೇರೆ. ಸ್ಪಾಟಿಫೈನಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಸಾಕು, ಒಂದು ಸಲ ಕೇಳಿದಂತೆ ದಾಖಲಾಗುತ್ತದೆ. ಯೂಟ್ಯೂಬಿನ ‘ವ್ಯೂಸ್’ ಇನ್ನೂ ಗೊಂದಲದ್ದು. 2019ರ ಜುಲೈನಲ್ಲಿ ರ‍್ಯಾಪರ್ ಬಾದ್‌ಷಾ ಅವರ ‘ಪಾಗಲ್’ ಹಾಡಿಗೆ ಒಂದೇ ದಿನದಲ್ಲಿ ಏಳೂವರೆ ಕೋಟಿ ವ್ಯೂಸ್ ಬಂದವು ಎಂದು ಹಾಡಿನ ಕಂಪನಿ ಸಾರಿತು. ಹಾಡನ್ನು ಜಾಹೀರಾತಾಗಿ ದುಡ್ಡು ಕೊಟ್ಟು ಓಡಿಸಿದ್ದೂ ಆ ಸಂಖ್ಯೆಯಲ್ಲಿ ಸೇರಿತ್ತು. ಸಂತೆಯಲ್ಲಿ ಅಂಗಡಿ ಮುಂದೆ ಹಾದುಹೋದವರನ್ನೆಲ್ಲ ಗಿರಾಕಿ ಎಂದು ಬರೆದುಕೊಂಡ ಹಾಗಾಯಿತು ಅದು. ಯೂಟ್ಯೂಬ್ ಆ ದಾಖಲೆಯನ್ನು ಒಪ್ಪಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ, ಜಾಹೀರಾತಿನಿಂದ ಬಂದ ನೋಟಗಳನ್ನು ಸಂಗೀತದ ಪಟ್ಟಿಗಳಿಗೆ ಸೇರಿಸುವುದನ್ನೇ ನಿಲ್ಲಿಸಿತು. ಆದರೆ ವಿಡಿಯೊದ ಕೆಳಗೆ ಕಾಣುವ ಒಟ್ಟು ಸಂಖ್ಯೆ ಬೇರೆ, ಪಟ್ಟಿಯ ಸ್ಥಾನ ಬೇರೆ. ಪೋಸ್ಟರಿನಲ್ಲಿ ‘ಇಷ್ಟು ಕೋಟಿ’ ಎಂದು ಕಂಡರೆ ಅದು ಎಲ್ಲಿಯ ಲೆಕ್ಕ ಎಂದು ಕೇಳುವುದು ಒಳ್ಳೆಯದು. ಹಾಗೆಂದು ದುಡ್ಡು ಸುರಿದ ಹಾಡೆಲ್ಲ ಗೆಲ್ಲುವುದಿಲ್ಲ. ಒಂದು ವಾರ ತಳ್ಳಬಹುದು, ಆಮೇಲೆ ಹಾಡು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಹಾಗೆ ನಿಲ್ಲುವ ಬಲ ಹೇಗೆ ಬರುತ್ತದೆ ಎಂಬುದೇ ನನಗೆ ಹೆಚ್ಚು ಮುಖ್ಯ. ನಮ್ಮಲ್ಲಿ ಬಹುಪಾಲು ಟ್ಯೂನ್ ಮೊದಲು, ಮಾತು ಆಮೇಲೆ. ಸಂಗೀತ ನಿರ್ದೇಶಕ ‘ತಾನ ನಾನ’ ಎಂದೋ, ಬಾಯಿಗೆ ಬಂದ ಡಮ್ಮಿ ಸಾಲು ಹಾಕಿಯೋ ಹಾಡಿ ಕಳಿಸುತ್ತಾನೆ. ಎಲ್ಲಿ ದೀರ್ಘ, ಎಲ್ಲಿ ಹ್ರಸ್ವ, ಎಲ್ಲಿ ಉಸಿರು ಎಂಬುದೆಲ್ಲ ಆಗಲೇ ನಿಗದಿಯಾಗಿರುತ್ತದೆ. ಆ ಅಳತೆಯೊಳಗೆ ಅರ್ಥವಿರುವ, ಹೊಸದೆನಿಸುವ, ಒಮ್ಮೆ ಕೇಳಿದರೆ ನಾಲಿಗೆಗೆ ಹತ್ತುವ ಕನ್ನಡ ಕೂರಿಸಬೇಕು. ಇದು ಕವಿತೆ ಬರೆಯುವುದಕ್ಕಿಂತ ಸುಲಭವಲ್ಲ. ಕನ್ನಡ ಬಾರದ ಗಾಯಕ ಹಾಡಬೇಕಾದಾಗ ಅಕ್ಷರ ಎಡವದಂತೆಯೂ ನೋಡಿಕೊಳ್ಳಬೇಕು.

ವಿಡಿಯೊದ ಕಸುಬೂ ಕಣ್ಣಿಗೆ ಕಾಣದ್ದು. ನಾಯಕ ಮೆಲ್ಲಗೆ ನಡೆದುಬರುತ್ತಾನೆ, ಕೂದಲು ನಿಧಾನ ಹಾರುತ್ತದೆ, ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದುತ್ತದೆ. ಹೇಗೆ? ಸೆಕೆಂಡಿಗೆ 24ರ ಬದಲು 48 ಚಿತ್ರ ತೆಗೆಯುತ್ತಾರೆ, ಹಾಡನ್ನೂ ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ, ನಟ ಆ ಓಟಕ್ಕೆ ತುಟಿ ಆಡಿಸುತ್ತಾನೆ. ತೆರೆಯ ಮೇಲೆ ಮಾಮೂಲಿ ವೇಗಕ್ಕೆ ಇಳಿಸಿದಾಗ ದೇಹ ನಿಧಾನ, ತುಟಿ ಸರಿ.

‘ಮುಂಗಾರು ಮಳೆ’ಯ ಬಳಿಕ ಕನ್ನಡದ ಪ್ರೇಮಕ್ಕೆ ಮಲೆನಾಡೇ ಊರು ಎಂಬಂತಾಯಿತು. ಮಳೆ, ಮಂಜು, ಹಸಿರು ಗುಡ್ಡ. ಮೋಡ ನೋಡಿ ನೋಡಿ ಮೆಕ್ಕೆಜೋಳ ಬಿತ್ತುವ ನಮ್ಮ ಹುಡುಗರೂ ಆ ಮಳೆಯಲ್ಲೇ ಪ್ರೀತಿಸುವುದನ್ನು ಕಲಿತರು. ಅದರಲ್ಲಿ ತಪ್ಪಿಲ್ಲ. ಆದರೆ ಬಯಲುಸೀಮೆಯ ಬಿಸಿಲಿಗೆ, ಉಚ್ಚಂಗಿಯ ಬಂಡೆಗೆ, ಹಡಗಲಿಯ ಮಲ್ಲಿಗೆಗೆ, ನಮ್ಮ ಮಾತಿನ ಧಾಟಿಗೆ ಪ್ರೇಮಗೀತೆಯಲ್ಲಿ ಜಾಗ ಸಿಗಬೇಕು. ಉತ್ತರ ಕರ್ನಾಟಕದ ಸಣ್ಣ ಸ್ಟುಡಿಯೊಗಳು ಆ ಕೆಲಸ ಶುರುಮಾಡಿವೆ. ಮಾಳು ನಿಪನಾಳ ಅವರ ‘ನಾ ಡ್ರೈವರ್’ ಹಾಡು ಸಿನಿಮಾದ ಹಂಗಿಲ್ಲದೆ ನಾಡೆಲ್ಲ ಸುತ್ತಿತು. ಅದರ ಕನ್ನಡ ಊರ ಕಟ್ಟೆಯ ಮೇಲೆ ಆಡುವ ಕನ್ನಡ.

ಆದ್ದರಿಂದ ನಮ್ಮ ತಾಲ್ಲೂಕುಗಳಲ್ಲಿ ಹಾಡು ಬರೆಯುವ ತಮ್ಮ ತಂಗಿಯರಿಗೆ ಒಂದು ಮಾತು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ, ಹಕ್ಕು ಪಡೆದ ಕಂಪನಿಯೊಂದಿಗೆ ಸಮಪಾಲು ಉಂಟು. ಅದನ್ನು ಕಂಪನಿಗೆ ಬಿಟ್ಟುಕೊಟ್ಟೆ ಎಂದು ಸಹಿ ಮಾಡಿಸಿಕೊಂಡರೂ ಆ ಸಹಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಹಾಡು ಹಾಕುವುದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ, ಅಲ್ಲಿ ದುಡ್ಡು ಕೇಳುವಂತಿಲ್ಲ. ರೇಡಿಯೊ, ಟಿ.ವಿ., ಇಂಟರ್‌ನೆಟ್ ಬಳಕೆಯ ಪಾಲನ್ನು ಸಂಗ್ರಹಿಸಿ ಹಂಚಲು ಐ.ಪಿ.ಆರ್.ಎಸ್. ಎಂಬ ಸಂಸ್ಥೆ ಇದೆ. ಅದರ ಸದಸ್ಯರಾಗಿ. ಹಾಡನ್ನು ಒಂದೇ ಸಲದ ದುಡ್ಡಿಗೆ ಮಾರುವ ಮೊದಲು ಕಾಗದವನ್ನು ಬಲ್ಲವರಿಂದ ಓದಿಸಿ, ವಿಡಿಯೊದಲ್ಲಿ ನಿಮ್ಮ ಹೆಸರು ಹಾಕಿಸಿಕೊಳ್ಳಿ.