ಅಂಗೈಯಗಲದ ಕಾರು

ಮನುಷ್ಯನ ಉದ್ಯೋಗವನ್ನು ಬಹುಮಟ್ಟಿಗೆ ಹೊಟ್ಟೆಪಾಡು ನಿರ್ಧರಿಸುತ್ತದೆ. ಹವ್ಯಾಸವನ್ನು ಮಾತ್ರ ಅವನ ಮನಸ್ಸೇ ಆರಿಸಿಕೊಳ್ಳುತ್ತದೆ. ಅಂಚೆಚೀಟಿಗಳ ಸಂಗ್ರಹ, ನಾಣ್ಯಗಳ ಸಂಗ್ರಹ, ತೋಟಗಾರಿಕೆ ಮೊದಲಾದ ಹವ್ಯಾಸಗಳಿಗೆ ಸಮಾಜದಲ್ಲಿ ಮನ್ನಣೆ ಉಂಟು. ಆದರೆ ನಿಜವಾದ ಕಾರನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ, ಅಂಗೈಯಲ್ಲಿ ಹಿಡಿಸುವಷ್ಟು ಕಿರಿದಾಗಿ ನಿರ್ಮಿಸುವುದು, ಮುರಿದುಬಿದ್ದ ಅಂತಹ ಹಳೆಯ ಮಾದರಿಗಳನ್ನು ಮತ್ತೆ ಮೊದಲಿನ ರೂಪಕ್ಕೆ ತರುವುದು, ಇದೂ ಒಂದು ಹವ್ಯಾಸವೆಂದರೆ ಅನೇಕರು ನಗುತ್ತಾರೆ. ಮೀಸೆ ಬಂದವರಿಗೆ ಆಟಿಕೆಯ ಗೊಡವೆ ಏಕೆ ಎಂಬುದು ಅವರ ಪ್ರಶ್ನೆ. ಕಣ್ಣು, ಕೈ, ಬುದ್ಧಿ ಈ ಮೂರಕ್ಕೂ ಏಕಕಾಲದಲ್ಲಿ ಶಿಕ್ಷಣ ನೀಡುವ ಹವ್ಯಾಸಗಳು ಬಹಳವಿಲ್ಲ. ಕಿರುಮಾದರಿಯ ಕೆಲಸವು ಅವುಗಳಲ್ಲಿ ಒಂದೆಂದೂ, ನಮ್ಮ ಶಾಲೆಗಳಲ್ಲಿ ಅದಕ್ಕೆ ಸ್ಥಾನವಿರಬೇಕೆಂದೂ ನನ್ನ ಅಭಿಪ್ರಾಯ.

ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡುವ ಆಸೆ ಮನುಷ್ಯನಿಗೆ ಇಂದು ಹುಟ್ಟಿದ್ದಲ್ಲ. ಹರಪ್ಪ ನಾಗರಿಕತೆಯ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು ಹೇರಳವಾಗಿ ದೊರೆತಿವೆ. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ಕಂಚಿನ ಒಂದು ರಥ ಸಿಕ್ಕಿತು. ಅದರ ಉದ್ದ ಸುಮಾರು 45 ಸೆಂಟಿಮೀಟರ್. ಎರಡು ಎತ್ತುಗಳು ಅದನ್ನು ಎಳೆಯುತ್ತಿವೆ, ಸಾರಥಿ ನಿಂತು ನಡೆಸುತ್ತಿದ್ದಾನೆ. ಶೂದ್ರಕನ ಪ್ರಸಿದ್ಧ ಸಂಸ್ಕೃತ ನಾಟಕಕ್ಕೆ ‘ಮೃಚ್ಛಕಟಿಕ’ವೆಂಬ ಹೆಸರು ಬಂದುದೇ ಮಗುವೊಂದರ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗ ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ; ವಸಂತಸೇನೆ ತನ್ನ ಒಡವೆಗಳನ್ನೇ ಅದರಲ್ಲಿ ತುಂಬಿಕೊಡುತ್ತಾಳೆ. ನಮ್ಮ ನಾಡಿನಲ್ಲಿಯೂ ಮಣ್ಣೆತ್ತಿನ ಅಮಾವಾಸ್ಯೆಯಂದು ರೈತರ ಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ, ಬಿದಿರಿನ ಕಡ್ಡಿಯ ಅಚ್ಚಿಗೆ ಚಕ್ರವಾಗಿ ಜೋಡಿಸಿ, ಉದ್ದನೆಯ ಕೋಲಿನಿಂದ ತಳ್ಳಿಕೊಂಡು ಓಡುವ ಮಕ್ಕಳನ್ನು ಕಾಣದ ಹಳ್ಳಿ ಮಲೆನಾಡಿನಲ್ಲಿ ಇರಲಿಲ್ಲ.

ಇವೆಲ್ಲವೂ ಆಟಿಕೆಗಳು. ಆಟಿಕೆಗೂ ಮಾದರಿಗೂ ಇರುವ ಅಂತರ ಒಂದೇ, ಅದು ಅಳತೆ. ಆಟಿಕೆಗೆ ನಾಲ್ಕು ಚಕ್ರಗಳಿದ್ದರೆ ಸಾಕು, ಮಗುವಿನ ಕಲ್ಪನೆ ಉಳಿದುದನ್ನು ತುಂಬಿಕೊಳ್ಳುತ್ತದೆ. ಮಾದರಿಯಲ್ಲಿ ಪ್ರತಿಯೊಂದು ಭಾಗವೂ ಮೂಲವಸ್ತುವಿನ ಅದೇ ಭಾಗಕ್ಕೆ ಒಂದೇ ಪ್ರಮಾಣದಲ್ಲಿ ಹೊಂದಿಕೊಂಡಿರಬೇಕು. ಈ ಹವ್ಯಾಸಿಗಳಲ್ಲಿ 1:43 ಎಂಬ ಪ್ರಮಾಣ ಬಹಳ ಪ್ರಚಲಿತವಾದುದು. ಈ ವಿಚಿತ್ರ ಸಂಖ್ಯೆಗೂ ಒಂದು ಕಾರಣವಿದೆ. ಇಂಗ್ಲೆಂಡಿನಲ್ಲಿ ಆಟಿಕೆಯ ರೈಲುಗಳನ್ನು ಒಂದು ಅಡಿಗೆ 7 ಮಿಲಿಮೀಟರಿನಂತೆ ಕುಗ್ಗಿಸಿ ಮಾಡುತ್ತಿದ್ದರು. ಆ ಲೆಕ್ಕ 1:43ಕ್ಕೆ ಸಮೀಪವಾಗುತ್ತದೆ. ಆ ರೈಲುಗಳ ಪಕ್ಕದಲ್ಲಿ ಇಡಲೆಂದು ಫ್ರಾಂಕ್ ಹಾರ್ನ್‌ಬಿಯವರ ಸಂಸ್ಥೆ ಸಿದ್ಧಪಡಿಸಿದ ಲೋಹದ ಪುಟ್ಟ ವಾಹನಗಳು 1934ರಿಂದ ‘ಡಿಂಕಿ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದವು.

ಈ ಪ್ರಮಾಣದ ಅರ್ಥವನ್ನು ನಮಗೆ ಪರಿಚಿತವಾದ ಅಂಬಾಸಡರ್ ಕಾರಿನಿಂದ ತಿಳಿಯಬಹುದು. ಐದು ದಶಕಗಳಿಗೂ ಹೆಚ್ಚು ಕಾಲ ನಮ್ಮ ರಸ್ತೆಗಳನ್ನು ಆಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಉದ್ದ ಸುಮಾರು 4.3 ಮೀಟರ್, 1:43ರ ಮಾದರಿಯಲ್ಲಿ ಅದು 10 ಸೆಂಟಿಮೀಟರ್ ಆಗುತ್ತದೆ. ಮಾದರಿಯಲ್ಲಿ ಕಿಟಕಿಯ ಚೌಕಟ್ಟು ಒಂದು ಮಿಲಿಮೀಟರಿನಷ್ಟು ತಪ್ಪಿದರೆ, ನಿಜವಾದ ಕಾರಿನಲ್ಲಿ ಅದು 4.3 ಸೆಂಟಿಮೀಟರಿನ ತಪ್ಪಿಗೆ ಸಮ. ಬಣ್ಣವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾಗಿ ಬಳಿದರೂ, ನಿಜವಾದ ಕಾರಿಗೆ 4 ಮಿಲಿಮೀಟರಿಗಿಂತ ಹೆಚ್ಚು ದಪ್ಪದ ಗಾರೆ ಮೆತ್ತಿದಂತಾಗುತ್ತದೆ. ಇನ್ನು ತೂಕದ ಮಾತು. ಉದ್ದವು 43ರಲ್ಲಿ ಒಂದು ಪಾಲಾದಾಗ ಘನಫಲವು 43 × 43 × 43, ಅಂದರೆ 79,507ರಲ್ಲಿ ಒಂದು ಪಾಲಾಗುತ್ತದೆ. ಸುಮಾರು 1,100 ಕಿಲೋಗ್ರಾಂ ತೂಗುವ ಕಾರನ್ನು ಅದೇ ವಸ್ತುಗಳಿಂದ, ತಗಡಿನ ದಪ್ಪವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದರೆ ಅದು ತೂಗುವುದು ಹೆಚ್ಚುಕಡಿಮೆ 14 ಗ್ರಾಂ ಮಾತ್ರ! ಗಣಿತದ ಪುಸ್ತಕದಲ್ಲಿ ನೀರಸವಾಗಿ ಕಂಡ ಅನುಪಾತ, ಘನಫಲಗಳು ಇಲ್ಲಿ ಕೈಗೆ ತಾಕುವ ಸತ್ಯಗಳಾಗುತ್ತವೆ.

ಇದಕ್ಕಿಂತ ಮುಖ್ಯವಾದ ಲಾಭವೆಂದರೆ ನೋಡುವುದನ್ನು ಕಲಿಯುವುದು. ನಾವು ನಿತ್ಯವೂ ನೂರಾರು ಆಟೋರಿಕ್ಷಾಗಳನ್ನು ನೋಡುತ್ತೇವೆ. ಅದರ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನ ಆಕಾರ ಎಂತಹುದು? ಹಿಂದಿನ ಚಕ್ರಗಳ ನಡುವಣ ಅಂತರ ಅದರ ಎತ್ತರಕ್ಕಿಂತ ಹೆಚ್ಚೋ ಕಡಿಮೆಯೋ? ಕಾಗದದ ಮೇಲೆ ನೆನಪಿನಿಂದ ಬರೆದು ತೋರಿಸಿ ಎಂದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಕಣ್ಣಿಗೆ ಬಿದ್ದುದೆಲ್ಲವೂ ಕಂಡಂತಲ್ಲ. ಅದೇ ಆಟೋರಿಕ್ಷಾದ ಮಾದರಿಯನ್ನು ಮಾಡಲು ಹೊರಟ ವಿದ್ಯಾರ್ಥಿಯು ಅದರ ಸುತ್ತ ಹತ್ತು ಬಾರಿ ತಿರುಗುತ್ತಾನೆ, ಅಳೆಯುತ್ತಾನೆ, ಚಾಲಕನನ್ನು ಪ್ರಶ್ನಿಸುತ್ತಾನೆ. ಒಂದು ವಾರ ಕಳೆಯುವಷ್ಟರಲ್ಲಿ ಆ ವಾಹನ ಏಕೆ ಹಾಗಿದೆ ಎಂಬುದೂ ಅವನಿಗೆ ತಿಳಿದಿರುತ್ತದೆ.

ಮಾದರಿಯನ್ನು ಆಟವೆಂದು ತಿಳಿದವರು ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವನ್ನು ನೆನೆಯಬೇಕು. ಎರಕದ ಕಾರ್ಖಾನೆಯಲ್ಲಿ ಯಂತ್ರದ ಭಾಗವೊಂದು ಹುಟ್ಟುವುದು ಕುಲುಮೆಯ ಬೆಂಕಿಯಲ್ಲಿ ಅಲ್ಲ, ಅದಕ್ಕೂ ಮೊದಲು ಪ್ಯಾಟರ್ನ್ ಎಂದು ಕರೆಯುವ ಒಂದು ಮಾದರಿಯಲ್ಲಿ. ಮರದಿಂದಲೋ ಲೋಹದಿಂದಲೋ ಮಾಡಿದ ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಅದರೊಳಗೆ ಕರಗಿದ ಲೋಹವನ್ನು ಸುರಿಯುತ್ತಾರೆ. ಆರಿದಾಗ ಲೋಹ ಕುಗ್ಗುತ್ತದೆ. ಆದುದರಿಂದ ಮಾದರಿಯನ್ನು ಬೀಡುಕಬ್ಬಿಣಕ್ಕಾದರೆ ನೂರಕ್ಕೆ ಸುಮಾರು ಒಂದು ಪಾಲು, ಉಕ್ಕಿಗಾದರೆ ಸುಮಾರು ಎರಡು ಪಾಲು ದೊಡ್ಡದಾಗಿ ಮಾಡಬೇಕು. ಆ ಲೆಕ್ಕ ತಪ್ಪಿದರೆ ಎರಕವೆಲ್ಲ ವ್ಯರ್ಥ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಗಟ್ಟಿಯಾಗಿ ನೆಲೆಗೊಳಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಭಾರತದಲ್ಲಿ ಮೋಟಾರು ಕಾರಿನ ಕಾರ್ಖಾನೆ ಸ್ಥಾಪನೆಯಾಗಬೇಕೆಂದು ಯೋಜನೆ ಸಿದ್ಧಪಡಿಸಿ ಹೋರಾಡಿದರು. ಅಂತಹ ಕಾರ್ಖಾನೆಗೆ ಬಂಡವಾಳ ಎಷ್ಟು ಮುಖ್ಯವೋ, ಅಳತೆ ಬಲ್ಲ ಕೈಗಳೂ ಅಷ್ಟೇ ಮುಖ್ಯ.

ಅಂತಹ ಕೈಗಳನ್ನು ಹುಡುಕಲು ಅಮೆರಿಕದಲ್ಲಿ ಒಂದು ದಾರಿ ಕಂಡುಕೊಂಡರು. ಜನರಲ್ ಮೋಟಾರ್ಸ್ ಕಂಪನಿಯು 1930ರಿಂದ 1968ರವರೆಗೆ ಬಾಲಕರಿಗಾಗಿ ಮಾದರಿ ನಿರ್ಮಾಣದ ಸ್ಪರ್ಧೆಯನ್ನು ನಡೆಸಿತು. ಮೊದಮೊದಲು ಹಳೆಯ ಕಾಲದ ಸಾರೋಟನ್ನು, ಅನಂತರದ ವರ್ಷಗಳಲ್ಲಿ ತಾವೇ ಕಲ್ಪಿಸಿದ ಕಾರನ್ನು ಹುಡುಗರು ತಮ್ಮ ಕೈಯಾರೆ ನಿರ್ಮಿಸಿ ಕಳುಹಿಸಬೇಕಾಗಿತ್ತು. ಗೆದ್ದವರಿಗೆ ಕಾಲೇಜು ಶಿಕ್ಷಣಕ್ಕೆ ವಿದ್ಯಾರ್ಥಿವೇತನ ದೊರೆಯುತ್ತಿತ್ತು. 1947ರಲ್ಲಿ ಬಹುಮಾನ ಪಡೆದ ಚಕ್ ಜೋರ್ಡನ್ ಎಂಬ ಯುವಕ ಮುಂದೆ ಅದೇ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ.

ಕಟ್ಟುವುದಕ್ಕಿಂತಲೂ ಕೆಟ್ಟುದನ್ನು ಸರಿಪಡಿಸುವುದು ಇನ್ನೂ ದೊಡ್ಡ ವಿದ್ಯೆ. ಹಳೆಯ ಲೋಹದ ಮಾದರಿಯೊಂದು ಕೈಗೆ ಬಂದಾಗ ಬಲ್ಲವನು ಕೂಡಲೇ ಬಣ್ಣದ ಡಬ್ಬಿಯನ್ನು ತೆರೆಯುವುದಿಲ್ಲ. ಮೊದಲು ಅದನ್ನು ತಿರುಗಿಸಿ ನೋಡುತ್ತಾನೆ. ಮೂಲ ಬಣ್ಣ ಯಾವುದು, ಕಳೆದುಹೋದ ಭಾಗ ಯಾವುದು, ಬೇರೆಯವರು ಸೇರಿಸಿದ್ದು ಯಾವುದು ಎಂದು ಗುರುತು ಹಾಕಿಕೊಳ್ಳುತ್ತಾನೆ. ಅನಂತರ ತಳದ ರಿವೆಟ್ಟುಗಳನ್ನು ಕೈಬೈರಿಗೆಯಿಂದ ನಿಧಾನವಾಗಿ ಕೊರೆದು ಬಿಚ್ಚುತ್ತಾನೆ. ಬಿಚ್ಚಿದ ಕ್ರಮವನ್ನು ಬರೆದಿಡುತ್ತಾನೆ. ಹಳೆಯ ಬಣ್ಣವನ್ನು ತೆಗೆದು, ತಳಬಣ್ಣ ಕೊಟ್ಟು, ಅದು ಒಣಗಿದ ಮೇಲೆ ತೆಳುವಾಗಿ ಹಲವು ಬಾರಿ ಬಣ್ಣ ಹಾಕುತ್ತಾನೆ. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಮೂಲ ಬಣ್ಣ ಬಹುಪಾಲು ಉಳಿದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಒಂದೆರಡು ಗೀರುಗಳಿಗಾಗಿ ಇಡಿಯ ಮಾದರಿಯನ್ನು ಮಿರುಗುವಂತೆ ಮಾಡಿದರೆ, ಯಾವುದೋ ಮಗು ಅದರೊಡನೆ ಆಡಿದ ಗುರುತುಗಳು ಅಳಿಸಿಹೋಗುತ್ತವೆ.

ಕೈಮೀರಿದ ಸ್ಥಿತಿಯೂ ಉಂಟು. ಹಳೆಯ ಮಾದರಿಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಅದರಲ್ಲಿ ಸೀಸದಂತಹ ಕಲ್ಮಶ ತುಸು ಬೆರೆತಿದ್ದರೂ, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಹೊರಗೆ ಎಷ್ಟೇ ಬಣ್ಣ ಬಳಿದರೂ ಒಳಗಿನ ಕೇಡು ನಿಲ್ಲದು. ಎರಕದ ದಿನ ತೋರಿದ ಅಲಕ್ಷ್ಯಕ್ಕೆ ಹಲವು ವರ್ಷಗಳ ಅನಂತರ ಫಲ ಕಾಣಿಸಿಕೊಳ್ಳುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಈ ಹವ್ಯಾಸಕ್ಕೆ ಹಲವು ಆಕ್ಷೇಪಣೆಗಳಿವೆ. ಪಾಠದ ಹೊತ್ತು ಹಾಳಾಗುತ್ತದೆ ಎಂಬುದು ಮೊದಲನೆಯದು. ಮೊಬೈಲ್ ಫೋನಿನ ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತ ಮಗುವಿನ ಬಗೆಗೆ ಸುಮ್ಮನಿರುವ ಮನೆಯವರು, ಕತ್ತರಿ ಹಿಡಿದು ರಟ್ಟು ಕತ್ತರಿಸುತ್ತಿರುವ ಮಗುವನ್ನು ಗದರಿಸುವುದು ನ್ಯಾಯವೆ? ಖರ್ಚು ಹೆಚ್ಚು ಎಂಬುದು ಎರಡನೆಯ ಆಕ್ಷೇಪಣೆ. ವಿದೇಶಗಳಿಂದ ಬರುವ ಬಿಡಿಭಾಗಗಳ ಪೆಟ್ಟಿಗೆಗಳು ದುಬಾರಿ ಎಂಬುದು ನಿಜ. ಆದರೆ ಚಪ್ಪಲಿಯ ಅಂಗಡಿಯ ರಟ್ಟಿನ ಡಬ್ಬಿ, ಬಿದಿರಿನ ಕಡ್ಡಿ, ಬಾಟಲಿಯ ಮುಚ್ಚಳ, ನಮ್ಮ ತೋಟಗಳಲ್ಲಿ ಬಿದ್ದಿರುವ ಅಡಿಕೆಯ ಹಾಳೆ, ಇವುಗಳಿಗೆ ಬೆಲೆ ಎಲ್ಲಿದೆ? ಸಾಗರ, ಸೊರಬಗಳ ಗುಡಿಗಾರರು ಗಂಧದ ಮರದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಕೆತ್ತನೆಯನ್ನು ಸಾಧಿಸಿದ್ದು ಪಳಗಿದ ಕೈಯಿಂದ ಮತ್ತು ಕೆಲವು ಉಳಿಗಳಿಂದ. ಬಣ್ಣ ಕರಗಿಸುವ ದ್ರವಗಳನ್ನೂ ಹರಿತವಾದ ಅಲಗುಗಳನ್ನೂ ಮಾತ್ರ ಹಿರಿಯರ ಎದುರಿನಲ್ಲಿಯೇ, ಗಾಳಿಯಾಡುವ ಸ್ಥಳದಲ್ಲಿಯೇ ಬಳಸಬೇಕು.

ನನಗೆ ಈ ಎರಡು ಆಕ್ಷೇಪಣೆಗಳಿಗಿಂತ ಹೆಚ್ಚು ಕಳವಳ ಉಂಟುಮಾಡುವುದು ಬೇರೊಂದು ಸಂಗತಿ. ಪಟ್ಟಣಗಳಲ್ಲಿ ಈಗ ಶಾಲೆಯ ವಸ್ತುಪ್ರದರ್ಶನಕ್ಕೆ ಬೇಕಾದ ಮಾದರಿಗಳು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಹಿಂದಿನ ಸಂಜೆ ತಂದೆ ಹಣ ಕೊಟ್ಟು ತಂದುದನ್ನು ಮರುದಿನ ಮಗು ಹೊತ್ತುಕೊಂಡು ಹೋಗುತ್ತದೆ. ಅದು ಹೊಳೆಯುತ್ತದೆಯಾದ್ದರಿಂದ ಬಹುಮಾನವೂ ಅದಕ್ಕೇ ಸಲ್ಲುತ್ತದೆ. ಪಕ್ಕದಲ್ಲಿ, ಸೊಟ್ಟ ಚಕ್ರದ ರಟ್ಟಿನ ಲಾರಿಯನ್ನು ತಾನೇ ಮಾಡಿ ತಂದ ಬಡ ವಿದ್ಯಾರ್ಥಿ ತಲೆತಗ್ಗಿಸಿ ನಿಂತಿರುತ್ತಾನೆ. ಚಾರುದತ್ತನ ಮಗನ ಅಳು ಇಂದಿಗೂ ನಿಂತಿಲ್ಲ. ಆ ಸೊಟ್ಟ ಚಕ್ರವು ಏಕೆ ಸೊಟ್ಟಗಾಯಿತು ಎಂಬುದನ್ನು ಆ ಹುಡುಗ ಬಲ್ಲ. ಕೊಂಡು ತಂದವನು ತನ್ನ ಮಾದರಿಯ ಬಗೆಗೆ ಏನನ್ನೂ ಅರಿಯ. ಅರಿವಿಗೆ ಸಲ್ಲಬೇಕಾದ ಬಹುಮಾನವನ್ನು ಹಣಕ್ಕೆ ಕೊಟ್ಟರೆ ಇಬ್ಬರು ಮಕ್ಕಳಿಗೂ ಅನ್ಯಾಯವಾಗುತ್ತದೆ.

ನಾನು ವಾಸಿಸುವ ಬಡಾವಣೆ ಶಿವಮೊಗ್ಗೆಯ ವಿನೋಬನಗರ. ಅದು ಹೊತ್ತಿರುವ ಹೆಸರು ಆಚಾರ್ಯ ವಿನೋಬಾ ಭಾವೆಯವರದು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟಾಗ ಅದನ್ನು ಮನಸಾರೆ ಎತ್ತಿಹಿಡಿದವರಲ್ಲಿ ವಿನೋಬಾ ಒಬ್ಬರು. ಕೈಕೆಲಸವು ಶಿಕ್ಷಣದ ಬಾಲವಲ್ಲ, ಅದರ ನಡುವಿನ ಕಂಬ ಎಂಬುದು ಆ ವಿಚಾರದ ಸಾರ. ನಮ್ಮ ಪ್ರೌಢಶಾಲೆಗಳಲ್ಲಿ ಒಂದು ಕಾಲಕ್ಕೆ ತಕಲಿಯಲ್ಲಿ ನೂಲುವುದನ್ನೂ ಮರಗೆಲಸವನ್ನೂ ಕಲಿಸುವ ಅಧ್ಯಾಪಕರು ಇರುತ್ತಿದ್ದರು. ಆ ಅವಧಿಗಳನ್ನು ಬೇರೆ ವಿಷಯಗಳು ನುಂಗಿಹಾಕಿವೆ. ವಾರಕ್ಕೆ ಒಂದು ಅವಧಿಯನ್ನಾದರೂ ಮಾದರಿ ನಿರ್ಮಾಣಕ್ಕೆ ಮೀಸಲಿಡಬೇಕು; ಶಾಲೆಯಲ್ಲಿಯೇ, ಗುರುಗಳ ಕಣ್ಣೆದುರಿಗೆ ಮಾಡಿದ ಮಾದರಿಗಳಿಗೆ ಮಾತ್ರ ಬಹುಮಾನ ಕೊಡಬೇಕು; ಮುರಿದ ಮಾದರಿಯನ್ನು ಚೆನ್ನಾಗಿ ರಿಪೇರಿ ಮಾಡಿದವರಿಗೂ ಒಂದು ಬಹುಮಾನವಿರಬೇಕು.

ಶಾಲೆ ತನ್ನ ಪಾಲಿನ ಕೆಲಸ ಮಾಡುವವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ನಿಲ್ಲುವ ಒಂದು ವಾಹನವನ್ನು, ಅದು ಆಟೋರಿಕ್ಷಾವಿರಲಿ, ಗದ್ದೆಯ ಟಿಲ್ಲರ್ ಇರಲಿ, ಎತ್ತಿನ ಗಾಡಿಯಿರಲಿ, ಆರಿಸಿಕೊಳ್ಳಿರಿ. ಒಡೆಯನ ಅನುಮತಿ ಪಡೆದು ಟೇಪು ಹಿಡಿದು ಅಳೆಯಿರಿ. ನಿಜದ 20 ಸೆಂಟಿಮೀಟರಿಗೆ ಮಾದರಿಯಲ್ಲಿ 1 ಸೆಂಟಿಮೀಟರ್ ಎಂದು ಇಟ್ಟುಕೊಂಡು ಮೊದಲು ಕಾಗದದ ಮೇಲೆ ಬರೆಯಿರಿ, ಆಮೇಲೆ ರಟ್ಟನ್ನು ಕತ್ತರಿಸಿರಿ. ಮೊದಲನೆಯ ಮಾದರಿ ಖಂಡಿತವಾಗಿ ಸೊಟ್ಟಗೆ ಬರುತ್ತದೆ. ಅದನ್ನು ಎಸೆಯದೆ ಕಪಾಟಿನಲ್ಲಿ ಇಡಿರಿ. ಎರಡನೆಯದನ್ನು ಮಾಡುವಾಗ ಅದಕ್ಕಿಂತ ಒಳ್ಳೆಯ ಗುರು ನಿಮಗೆ ದೊರೆಯಲಾರ.