ನೀರು ಎಲ್ಲರದು, ದಡ ಯಾರದು?

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಓದುವವರಿಗೆ ಕೆರೆಯೆಂದರೆ ಊರಿನವರೆಲ್ಲರ ಸ್ವತ್ತು. ಆದರೆ ನೀರು ಎಲ್ಲರದಾದ ಮಾತ್ರಕ್ಕೆ ದಡವೂ ಎಲ್ಲರದಾಗುವುದಿಲ್ಲ. ಜರ್ಮನಿಯ ಮ್ಯೂನಿಕ್ ನಗರದ ಸಮೀಪವಿರುವ ಸ್ಟಾರ್ನ್‌ಬೆರ್ಗ್ ಸರೋವರವೇ ಇದಕ್ಕೆ ನಿದರ್ಶನ. ಸುಮಾರು 56 ಚದರ ಕಿಲೋಮೀಟರ್ ಹರಡಿರುವ ಈ ಜಲರಾಶಿ ಬವೇರಿಯಾ ರಾಜ್ಯದ್ದು. ದಡದಲ್ಲಿ ಮಾತ್ರ ಅನೇಕ ಕಡೆ ಸಿರಿವಂತರ ಬಂಗಲೆಗಳು, ಬೇಲಿಗಳು. ಬೇಸಿಗೆಯಲ್ಲಿ ಈಜಲು ಬಂದವರಿಗೆ ನೀರು ಕಣ್ಣೆದುರಿಗಿದ್ದರೂ ಅದಕ್ಕಿಳಿಯುವ ದಾರಿ ಸಿಗದು.

1946ರ ಬವೇರಿಯಾ ಸಂವಿಧಾನದ 141ನೆಯ ವಿಧಿ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ಬೆಟ್ಟ, ನದಿ, ಸರೋವರಗಳಿಗೆ ಜನರ ಪ್ರವೇಶವನ್ನು ಮುಕ್ತವಾಗಿಡುವುದು ರಾಜ್ಯದ ಮತ್ತು ಸ್ಥಳೀಯ ಆಡಳಿತದ ಹೊಣೆ; ಅಗತ್ಯಬಿದ್ದರೆ ಖಾಸಗಿ ಒಡೆತನವನ್ನು ಮಿತಿಗೊಳಿಸಿಯಾದರೂ ಅದನ್ನು ನೆರವೇರಿಸಬೇಕು. ಪೊಸೆನ್‌ಹೋಫನ್, ಆಂಬಾಖ್‌ಗಳ ವಿಶಾಲ ಹುಲ್ಲುಹಾಸುಗಳಲ್ಲಿ ಇಂದು ಯಾರೂ ಪ್ರವೇಶಶುಲ್ಕ ತೆರದೆ ನೀರಿಗಿಳಿಯಬಹುದು. ಮ್ಯೂನಿಕ್‌ನಿಂದ ಲೋಕಲ್ ರೈಲಿನಲ್ಲಿ ಬಂದವರು ಪೊಸೆನ್‌ಹೋಫನ್‌ನಲ್ಲಿಳಿದು ನಡೆದೇ ಹೋಗಬಹುದು. (ಕಾರಿನಲ್ಲಿ ಬಂದವರಿಗೆ ನಿಲುಗಡೆಯ ಖರ್ಚು ತಪ್ಪದು!)

ಉಚಿತ ತಾಣಗಳಲ್ಲಿ ನೂಕುನುಗ್ಗಲು, ಕಸ ಹೆಚ್ಚೆಂಬ ಆಕ್ಷೇಪ ಸಾಮಾನ್ಯ. ಅದು ಜನರ ದೋಷವಲ್ಲ. ತೆರೆದ ದಡ ಕಿರಿದಾದಷ್ಟೂ ಉಳಿದ ಕೆಲವೇ ಎಡೆಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಬೇಲಿಗಳು ಹಿಂದೆ ಸರಿದರೆ ಜಂಗುಳಿಯೂ ತಾನಾಗಿ ಚದುರೀತು.