ಬಸ್‌ಸ್ಟ್ಯಾಂಡಿನ ನಾಯಿಯನ್ನು ಎಲ್ಲಿಗೆ ಕಳಿಸ್ತೀರಿ?

ಬೆಳಗಿನ ಮೊದಲ ಬಸ್ಸಿಗೆ ಬರುವವರಿಗೆಲ್ಲ ಗೊತ್ತು. ಪ್ರಯಾಣಿಕರಿಗಿಂತ ಮುಂಚೆ ಪ್ಲಾಟ್‌ಫಾರಂ ಹಿಡಿದು ಮಲಗಿರುವವರು ನಾಲ್ಕು ಕಾಲಿನವರು. ಕೆಲವರು ಬಿಸ್ಕತ್ತು ಹಾಕುತ್ತಾರೆ, ಕೆಲವರು ಕಲ್ಲು ಹುಡುಕುತ್ತಾರೆ. ಕೂಸನ್ನು ಎತ್ತಿಕೊಂಡ ತಾಯಂದಿರು ಸುತ್ತು ಹಾಕಿಕೊಂಡು ಹೋಗುತ್ತಾರೆ. ಅವರ ಭಯ ಸುಳ್ಳಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಈ ತಗಾದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2025ರ ಆಗಸ್ಟ್ 11ರಂದು ಕೋರ್ಟು, ದೆಹಲಿ ಕಡೆಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದಿತು. ಹನ್ನೊಂದೇ ದಿನಕ್ಕೆ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ಸಂತಾನಹರಣ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ರೇಬಿಸ್ ಇರುವುದನ್ನು, ಮೇಲೆ ಬೀಳುವುದನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಮತ್ತೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಎತ್ತಿದ ನಾಯಿಯನ್ನು ಮತ್ತೆ ಅಲ್ಲಿಗೆ ಬಿಡಕೂಡದು, ಆಶ್ರಯತಾಣದಲ್ಲಿಡಬೇಕು.

ಸರಿ ಸ್ವಾಮಿ, ಆ ಆಶ್ರಯತಾಣ ಎಲ್ಲಿದೆ?

ಅದನ್ನು ನೋಡೋಣವೆಂದೇ ಮೊನ್ನೆ ಬೆಳಿಗ್ಗೆ ಊರಾಚೆಯ ನಾಯಿಗಳ ಆಶ್ರಮಕ್ಕೆ ಹೋಗಿದ್ದೆ. ಸರ್ಕಾರದ್ದಲ್ಲ, ನಾಲ್ಕು ಜನ ಕೈಯಿಂದ ಹಾಕಿ ನಡೆಸುತ್ತಿರುವುದು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡರು. ಯಾಕೆ ಗೊತ್ತೆ? ಹೆಸರು ಬಂದ ಮಾರನೇ ದಿನ ಗೇಟಿಗೆ ನಾಯಿ ಕಟ್ಟಿ ಹೋಗುವವರ ಸಾಲು ಹತ್ತುತ್ತದಂತೆ!

ಒಂದು ದಿನದ ಪಾಡು

ಬೆಳಕು ಹರಿಯುವ ಮುಂಚೆಯೇ ಕೆಲಸ ಶುರು. ಮೊದಲು ಗೂಡುಗಳ ಗಲೀಜು ತೆಗೆದು ತೊಳೆಯಬೇಕು. ಅತ್ತ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅಕ್ಕಿ, ಕೋಳಿ ಅಂಗಡಿಯವರು ಕೊಟ್ಟ ಕತ್ತು, ಕಾಲು ಬೇಯುತ್ತಿರುತ್ತದೆ. ಆಮೇಲೆ ಔಷಧಿ ಸರದಿ. ಕಜ್ಜಿ ಹತ್ತಿ ಮೈಯ ಕೂದಲೆಲ್ಲ ಉದುರಿದ್ದಕ್ಕೆ ಸ್ನಾನ, ಹುಳ ಬಿದ್ದ ಗಾಯಕ್ಕೆ ಡ್ರೆಸ್ಸಿಂಗು, ಬೈಕಿಗೆ ಸಿಕ್ಕಿ ಸೊಂಟ ಮುರಿದುಕೊಂಡದ್ದನ್ನು ಮಗ್ಗುಲು ಬದಲಿಸಿ ಮಲಗಿಸುವುದು. ಮರಿಗಳನ್ನು ಬೇರೆಯೇ ಇಡಬೇಕು. ಪಾರ್ವೋ ರೋಗ ಒಂದು ಮರಿಗೆ ಬಂದರೆ ಲಸಿಕೆ ಆಗದ ಉಳಿದ ಮರಿಗಳಿಗೂ ಬಡಿಯುತ್ತದೆ. ವಾಂತಿ, ರಕ್ತಭೇದಿ, ಮೂರ್ನಾಲ್ಕು ದಿನದಲ್ಲಿ ಕಥೆ ಮುಗಿಯುತ್ತದೆ.

ಇದರ ನಡುವೆ ಫೋನು ಬಿಡುವುದಿಲ್ಲ. "ನಮ್ಮ ಬೀದೀಲಿ ಐದು ಮರಿ ಇವೆ, ಬಂದು ತಗೊಂಡು ಹೋಗಿ." "ನಮಗೆ ಟ್ರಾನ್ಸ್‌ಫರ್ ಆಯ್ತು, ನಮ್ಮ ನಾಯಿ ಇಟ್ಕೊಳ್ತೀರಾ?" ಇಲ್ಲ ಅಂದರೆ, "ನೀವೆಂಥಾ ಪ್ರಾಣಿ ದಯೆಯವರ್ರೀ?" ಎಂಬ ಪ್ರಶಸ್ತಿ ಪತ್ರ.

"ಸಾಕಿಕೊಳ್ಳೋಕೆ ಜನ ಬರಲ್ವೇನಮ್ಮಾ?" ಅಂದೆ.

"ಬರ್ತಾರಣ್ಣ. ಬಂದೋರು ಮೊದಲು ಕೇಳೋದೇ, ಜಾತಿ ನಾಯಿ ಇದೆಯಾ ಅಂತ. ನಾಟಿ ಮರಿ ಅಂದ್ರೆ ಮುಖ ಹುಳಿ ಮಾಡ್ತಾರೆ. ಹೆಣ್ಣು ಮರಿ ಅಂದ್ರಂತೂ ಎದ್ದೇ ಹೋಗ್ತಾರೆ" ಎಂದರು ಆ ಹೆಣ್ಣುಮಗಳು. ಆಪರೇಷನ್ ಮಾಡಿಸಿದ ಮೇಲೆ ಹೆಣ್ಣಾದರೇನು ಗಂಡಾದರೇನು? ಅದನ್ನು ಹೇಳಿ ಹೇಳಿ ಅವರ ಬಾಯಿ ಒಣಗಿದೆ. ಮರಿ ಕೊಡುವಾಗ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತಿಂಗಳಾದ ಮೇಲೆ ಮನೆಗೆ ಹೋಗಿ ನೋಡಿಬರುತ್ತಾರೆ. ಹೀಗೆ ಒಂದಕ್ಕೆ ಮನೆ ಸಿಗುವಷ್ಟರಲ್ಲಿ ಗೇಟಿನ ಹತ್ತಿರ ಎರಡು ಬಂದಿರುತ್ತವೆ.

ಲೆಕ್ಕ ಎಲ್ಲಿ ತಪ್ಪಿದೆ?

ಇಂಥ ಜಾಗಕ್ಕೆ ಬಸ್‌ಸ್ಟ್ಯಾಂಡಿನ ನಾಯಿಗಳನ್ನೂ ತುಂಬಿ ಎಂದರೆ ಅದು ಆಶ್ರಮವಾಗಿ ಉಳಿಯುವುದಿಲ್ಲ, ದೊಡ್ಡಿ ಆಗುತ್ತದೆ. ಒಂದಕ್ಕೊಂದು ಕಚ್ಚಾಡುತ್ತವೆ, ರೋಗ ಹರಡುತ್ತದೆ. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಅಷ್ಟೂ ವರ್ಷದ ಅನ್ನ, ಔಷಧಿ, ಆಳಿನ ಸಂಬಳ ಯಾರ ಬಜೆಟ್ಟಿನಲ್ಲಿದೆ?

ಹಾಗಂತ ಬಸ್‌ಸ್ಟ್ಯಾಂಡಿನಲ್ಲೇ ಬಿಡಿ ಎಂದು ವಾದಿಸುವುದು ಈ ಅಂಕಣದ ಉದ್ದೇಶವಲ್ಲ. ಕಚ್ಚಿಸಿಕೊಂಡ ಮಗುವಿನ ಅಪ್ಪನ ಮುಂದೆ ದಯೆಯ ಭಾಷಣ ಮಾಡುವ ಧೈರ್ಯ ನನಗಿಲ್ಲ. ಆದರೆ ಮೂಲ ಎಲ್ಲಿದೆ ನೋಡಬೇಕು. 2001ರಲ್ಲೇ ಕೇಂದ್ರ ಸರ್ಕಾರ ನಾಯಿಗಳ ಸಂತಾನ ನಿಯಂತ್ರಣದ ನಿಯಮ ಮಾಡಿತು. 2023ರಲ್ಲಿ ಹೊಸ ನಿಯಮ ಬಂತು. ಎರಡರಲ್ಲೂ ಹೊಣೆ ಊರಿನ ಸ್ಥಳೀಯ ಸಂಸ್ಥೆಯದು. ಹೆಣ್ಣು ನಾಯಿ ಎರಡು ತಿಂಗಳಿಗೆ ಈಯುತ್ತದೆ, ವರ್ಷಕ್ಕೆ ಎರಡು ಸಲವೂ ಈಯಬಹುದು. ಟೆಂಡರು ಕರೆದು, ರದ್ದು ಮಾಡಿ, ಮತ್ತೆ ಕರೆಯುವಷ್ಟರಲ್ಲಿ ಅಜ್ಜಿಯೂ ಆಗಿರುತ್ತದೆ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಮಹಲು ಬೇಕಿಲ್ಲ. ಡಾಕ್ಟರು, ಬಲೆ, ವ್ಯಾನು, ಮನಸ್ಸು ಬೇಕು.

ಇನ್ನು ನಮ್ಮ ಪಾಲು. ಹೋಟೆಲಿನ ಎಂಜಲು, ಮಾಂಸದಂಗಡಿಯ ಚೂರು ರಾತ್ರಿ ಚರಂಡಿ ಪಕ್ಕ ಸುರಿದು ಬಾಗಿಲೆಳೆಯುವವರು ಯಾರು? ಇವತ್ತು ಹತ್ತು ನಾಯಿ ಹಿಡಿದರೂ ಆ ರಾಶಿ ಇರುವ ತನಕ ಪಕ್ಕದ ಬೀದಿಯ ಹತ್ತು ಬರುತ್ತವೆ, ಅದೂ ಆಪರೇಷನ್ ಆಗದವು. ಅಂಗಡಿಯವರು ಕೋಪಿಸಿಕೊಳ್ಳಬಾರದು, ಬುಟ್ಟಿಯ ಮುಚ್ಚಳ ಮುಚ್ಚಬೇಕು.

ಬಸ್ಸಿಗೆ ಕಾಯುವವರು ಇದೊಂದನ್ನು ನೆನಪಿಡಿ. ಕಚ್ಚಿದ್ದು ಮರಿಯಾದರೂ ಸರಿ, ಪರಚಿದ್ದಾದರೂ ಸರಿ, ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರುಮಾಡಿ, ಡಾಕ್ಟರು ಹೇಳಿದಷ್ಟನ್ನೂ ಮುಗಿಸಿ. ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಸೀರಂ ಕೇಳಿ.

ಹೊರಡುವಾಗ ಆಶ್ರಮದ ಗೇಟಿಗೆ ಒಂದು ಬಿಳೀ ಪೊಮೇರಿಯನ್ ಕಟ್ಟಿತ್ತು. ಕುತ್ತಿಗೆಯಲ್ಲಿ ಹೊಸ ಬೆಲ್ಟು, ಪಕ್ಕದಲ್ಲಿ ಅದರದೇ ತಟ್ಟೆ. ಕಟ್ಟಿದವರು ಹೋಗಿ ಆಗಿತ್ತು. ಅದು ಮಾತ್ರ ರಸ್ತೆಯ ಕಡೆಗೇ ನೋಡುತ್ತಿತ್ತು, ಪ್ರತಿ ಸ್ಕೂಟರಿನ ಸದ್ದಿಗೂ ಎದ್ದು ನಿಲ್ಲುತ್ತಿತ್ತು. ಹುಟ್ಟಿದ್ದು ಬೀದಿಯಲ್ಲಲ್ಲ, ಯಾರದೋ ಮನೆಯ ಸೋಫಾದ ಮೇಲೆ ಬೆಳೆದದ್ದು.

ಬೀದಿ ನಾಯಿ ಎಲ್ಲಿಂದ ಬರುತ್ತದೆ ಎಂದು ಕೇಳುವ ಮಹನೀಯರು ಒಮ್ಮೆ ಆ ಗೇಟಿನ ಹತ್ತಿರ ನಿಂತು ನೋಡಲಿ.